ಅಸ್ಸಾಮಿನ ಮನೆತನ ನೋಡಲು ಕುರುಗೋಡಿಗೆ ಹೋದದ್ದು

"ಅಲ್ಲವಾ, ಆ ಅಸ್ಸಾಮಿನ ಮನೆತನ ಹೆಂಗೈತಿ?"

ಸಿರುಗುಪ್ಪದಿಂದ ಎರ್ರಿಸ್ವಾಮಿ ದೊಡ್ಡಪ್ಪ ಫೋನ್ ಮಾಡಿ ಹೀಗೆ ಕೇಳಿದಾಗ ನಾನು ಒಂದು ಕೈಯಲ್ಲಿ ಸೌಟು, ಇನ್ನೊಂದು ಕೈಯಲ್ಲಿ ಮೊಬೈಲು ಹಿಡ್ಕೊಂಡು ಒಲೆ ಮುಂದೆ ನಿಂತಿದ್ದೆ. ಸರಿಯಾಗಿ ಕೇಳಿಸಿತಾ ಅಂತ ನನಗೇ ಅನುಮಾನ. "ಏನಂದಿ ದೊಡ್ಡಪ್ಪ?" ಅಂದೆ.

"ಮನೆತನವಾ, ಮನೆತನ! ಮಂದಿ ಹೆಂಗ, ನೀರು ನೆರಳು ಹೆಂಗ, ಉಣ್ಣಾಕ ತಿನ್ನಾಕ ಹೆಂಗ? ಯಾರನ್ನರ ವಿಚಾರಿಸೀರೋ, ಇಲ್ಲಾ ಸುಮ್ನ ಗಂಟುಮೂಟಿ ಕಟ್ಟಾಕತ್ತೀರೋ?"

ಅಸ್ಸಾಂ ಒಂದು ರಾಜ್ಯ. ರಾಜ್ಯಕ್ಕೆ ಎಲ್ಲಾದರೂ ಮನೆತನ ಅಂತ ಇರುತ್ತಾ? ಆದರೆ ಆ ಮಾತನ್ನ ದೊಡ್ಡಪ್ಪನ ಮುಂದೆ ಆಡೋ ಧೈರ್ಯ ನನ್ನ ತವರಿನಲ್ಲಿ ಯಾರಿಗೂ ಇಲ್ಲ. ನನಗಂತೂ ಮೊದಲೇ ಇಲ್ಲ. ನನ್ನ ಮದುವೆ ಮುಂಚೆ ಬಳ್ಳಾರಿಗೆ ಬಂದು ಈ ಮನೆಯ ಬಚ್ಚಲು, ಹಿತ್ತಲು, ಮಾಳಿಗೆ ಎಲ್ಲ ನೋಡಿ, ಪಕ್ಕದ ಮನೆಯವರನ್ನೂ ಕರೆದು ಮಾತಾಡಿಸಿ, "ನಡೀತೈತಿ" ಅಂತ ಸರ್ಟಿಫಿಕೇಟ್ ಕೊಟ್ಟಾತ ಅವನೇ. (ಗಂಡನ್ನ ನೋಡೋಕೆ ಆ ದಿನ ಮರೆತಿದ್ದ. ಇನ್ನೊಂದು ಸಲ ಬಂದು ನೋಡಿಕೊಂಡು ಹೋದ.)

ಸರಿ, ಮೊದಲಿಂದ ಹೇಳ್ತೀನಿ.

ನಮ್ಮ ಯಜಮಾನರು, ಅಂದ್ರೆ ವೀರೇಶ, ಕುಡತಿನಿ ಕಡೆ ಬಾಯ್ಲರ್ ರಿಪೇರಿ ನೋಡಿಕೊಳ್ಳೋ ಒಂದು ಖಾಸಗಿ ಕಂಪನಿಯಲ್ಲಿ ಎಂಜಿನಿಯರ್. ಆ ಕಂಪನಿಗೆ ಅಸ್ಸಾಮಿನಲ್ಲಿ ಹೊಸ ಕೆಲಸ ಸಿಕ್ಕಿದೆ. ಮೂರು ವರ್ಷ ಅಲ್ಲಿರಬೇಕು ಅಂತ ಆರ್ಡರ್ ಬಂತು. ಆಫೀಸಿನವರು ಕೇಳಿದ್ದು ಒಂದೇ ಮಾತು: ನಿಮಗೆ ಫ್ಯಾಮಿಲಿ ಕ್ವಾರ್ಟರ್ಸ್ ಬೇಕೋ, ಬ್ಯಾಚುಲರ್ ರೂಮ್ ಸಾಕೋ? ಸೋಮವಾರದೊಳಗೆ ಹೇಳಿ.

ನನ್ನ ಉತ್ತರ ರೆಡಿ ಇತ್ತು. ಫ್ಯಾಮಿಲಿ! ಎಲ್ಲರೂ! ನಾನು, ವೀರೇಶ, ಏಳನೇ ಕ್ಲಾಸಿನ ಮಗಳು ಸಿಂಚನಾ, ಮಾವ ತೀರಿಕೊಂಡ ಮೇಲೆ ನಮ್ಮ ಜೊತೆಗೇ ಇರೋ ಅತ್ತೆ ನೀಲಮ್ಮ. ನಾಲ್ಕೂ ಜನ.

ಯಾಕಿಷ್ಟು ಹಟ ಅಂತೀರಾ? ಸಿಂಚನಾ ಕೂಸಿದ್ದಾಗ ವೀರೇಶ ಒಂದು ಸಲ ಹೀಗೇ ಬ್ಯಾಚುಲರ್ ರೂಮಿನವನಾಗಿ ರಾಜಸ್ಥಾನಕ್ಕೆ ಹೋಗಿದ್ದ. ದಿನಾ ರಾತ್ರಿ ಊಟದ ಹೊತ್ತಿಗೆ ವಿಡಿಯೋ ಕಾಲ್. ಕೂಸಿಗೆ ಮಾತು ಬಂದಾಗ ನನ್ನ ಮೊಬೈಲ್ ತೋರಿಸಿ "ಅಪ್ಪ" ಅಂತಿತ್ತು. ಮೊಬೈಲ್ ಚಾರ್ಜಿಗೆ ಹಾಕಿದ್ರೆ, "ಅಪ್ಪ ಮಲಗ್ಯಾನ" ಅಂತಿತ್ತು. ಕೇಳಿದವರೆಲ್ಲ ನಕ್ಕರು, ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ಅತ್ತುಬಂದೆ. ಅವತ್ತೇ ತೀರ್ಮಾನ ಮಾಡಿದ್ದೆ, ಇನ್ನೊಂದು ಸಲ ಈ ಮನುಷ್ಯನನ್ನ ಒಬ್ಬನೇ ಕಳಿಸೋದಿಲ್ಲ ಅಂತ.

ಆದ್ರೆ ವೀರೇಶನದು ಒಂದೇ ರಾಗ. "ಅವ್ವ ಬಂದ್ರ ಎಲ್ಲಾರೂ ಹೋಗೋಣು. ಅವ್ವ ಬರಂಗಿಲ್ಲ ಅಂದ್ರ ನಾನೊಬ್ನ ಹೋಗ್ತೀನಿ. ನೀವು ಇಲ್ಲೇ ಇರ್ರಿ."

ಅಲ್ಲಿಗೆ ಚೆಂಡು ಬಂದು ಬಿದ್ದದ್ದು ಅತ್ತೆಯ ಅಂಗಳಕ್ಕೆ. ನಮ್ಮತ್ತೆ ಮಾತಲ್ಲಿ ಮಹಾ ಜಿಪುಣಿ. "ಅತ್ತೀ, ಬರ್ತೀರಲ್ಲ?" ಅಂತ ಬೆಳಗ್ಗೆ ಕೇಳಿದ್ರೆ "ನೋಡೋಣಂತ". ಸಂಜೆ ಕೇಳಿದ್ರೆ "ನೋಡೋಣಂತ ಅಂದ್ನೆಲ್ಲ". ಮರುದಿನ ಕೇಳಿದ್ರೆ ಟೀವಿ ಸೌಂಡ್ ಜಾಸ್ತಿ ಮಾಡ್ತಿದ್ರು. ಏನು ನೋಡ್ತಾರೆ, ಎಲ್ಲಿ ನೋಡ್ತಾರೆ, ಒಂದೂ ತಿಳೀಲಿಲ್ಲ.

ಈ ನಡುವೆ ಸುದ್ದಿ ಹಬ್ಬಿತು ನೋಡಿ. ಬಳ್ಳಾರಿಯಲ್ಲಿ ಬಿಸಿಲು ಬಿಟ್ಟರೆ ಧಾರಾಳವಾಗಿ ಸಿಗೋದು ಸಲಹೆ. ಎದುರು ಮನೆಯಾಕಿ ಬಂದು, "ಅಲ್ಲಿ ಘೇಂಡಾಮೃಗ ಓಣಿಯಾಗ ಅಡ್ಡಾಡ್ತಾವಂತ, ಹುಡುಗಿನ ಹೊರಗ ಬಿಡಬ್ಯಾಡ್ರಿ" ಅಂದಳು. (ನಮ್ಮ ಓಣಿಯ ಎಮ್ಮೆಗಳ ಬಗ್ಗೆ ಆಕೆಗೆ ಯಾವ ತಕರಾರೂ ಇಲ್ಲ.) ಮಂಡಕ್ಕಿ ಒಗ್ಗರಣೆ ಅಂಗಡಿಯವನು ಮಿರ್ಚಿ ಕಟ್ಟಿಕೊಡುತ್ತಾ, "ಚಾಪುಡಿ ಅಲ್ಲಿ ಪುಗಸಟ್ಟೆ ಏನ್ರಿ ಮೇಡಂ? ಬರುವಾಗ ಒಂದು ಚೀಲ ತರ್ರಿ" ಅಂದ. ಭಾಷೆ ಬಗ್ಗೆ ಮಾತ್ರ ಯಾರಿಗೂ ಚಿಂತೆ ಇರಲಿಲ್ಲ. ನಮ್ಮ ಬಳ್ಳಾರಿ ಮಂದಿಯ ನಂಬಿಕೆ ನಿಮಗೆ ಗೊತ್ತಲ್ಲ? ಕನ್ನಡ ನಡೀದಿದ್ರೆ ತೆಲುಗು, ತೆಲುಗು ನಡೀದಿದ್ರೆ ಉರ್ದು. ಈ ಮೂರೂ ನಡೀದಂಥ ಊರು ಭೂಮಿ ಮೇಲೆ ಇರೋಕೆ ಸಾಧ್ಯವೇ ಇಲ್ಲ.

ಇಂಥ ಹೊತ್ತಲ್ಲಿ ದೊಡ್ಡಪ್ಪನ ಫೋನು ಬಂದದ್ದು. ವಿಚಾರಿಸಿಲ್ಲ ಅಂದದ್ದಕ್ಕೆ ಕೆಂಡವಾದ.

"ಒಂದು ಹೆಣ್ಣು ಕೊಡಾಕ ಹತ್ತು ಸಲ ಮನಿ ನೋಡಿ ಬರ್ತೀವಿ. ಈಗ ಇಡೀ ಸಂಸಾರನ ಕೊಡಾಕತ್ತೀವಿ! ನೋಡದ ಹೆಂಗ ಕಳಸಾದು?"

"ಅಸ್ಸಾಮಿಗೆ ಹೋಗಿ ನೋಡಿ ಬರೋಕಾಗುತ್ತಾ ದೊಡ್ಡಪ್ಪ? ಮುಟ್ಟಾಕ ರೈಲಿನ್ಯಾಗ ದಿನಗಟ್ಟಲೆ ಬೇಕು."

"ಹಂಗಾರ ಆ ಕಡಿ ಮಂದಿ ಈ ಕಡಿ ಯಾರೂ ಇಲ್ಲೇನು? ಹುಡುಕ್ರಿ."

ಹುಡುಕಿದ್ದು ನಾವಲ್ಲ. ನಮ್ಮತ್ತೆಯ ತಮ್ಮ ಪಂಪನಗೌಡ ಮಾವ. ಅವರು ಕುರುಗೋಡಿನವರು. ಬೆಳೆಸಾಲದ ಕೆಲಸಕ್ಕೆ ಬ್ಯಾಂಕಿಗೆ ಹೋದವರು ಅಲ್ಲಿಂದಲೇ ಫೋನ್ ಹಚ್ಚಿದರು. "ಅಕ್ಕಾ, ನಮ್ಮ ಬ್ಯಾಂಕಿನ ಸಣ್ಣ ಸಾಹೇಬ ಅಸ್ಸಾಮಿನಾಂವ! ದೀಪಂಕರ ಅಂತ. ಹೆಂಡ್ತಿ, ಸಣ್ಣ ಕೂಸು ಎಲ್ಲಾ ಇಲ್ಲೇ ಅದಾರ. ಐತಾರ ಮನಿಗೆ ಬರ್ರಿ ಅಂದಾನ. ಎಲ್ಲಾರನ್ನೂ ಕರ್ಕೊಂಡು ಬರ್ತೀನಂತ ಹೇಳೀನಿ."

ಎಲ್ಲಾರೂ ಅಂದ್ರೆ ನಾಲ್ಕು ಜನ ಅಂತ ಆ ದೀಪಂಕರ್ ತಿಳಿದಿರಬೇಕು, ಪಾಪ.

ಭಾನುವಾರ ಬೆಳಗ್ಗೆ ಒಂದು ಕ್ರೂಸರ್ ಗಾಡಿ ನಮ್ಮ ಮನೆ ಮುಂದೆ ನಿಂತಿತು. ದೊಡ್ಡಪ್ಪ ಸಿರುಗುಪ್ಪದಿಂದಲೇ ಗಾಡಿ ಮಾಡಿಕೊಂಡು ಬಂದಿದ್ದ. ಇಸ್ತ್ರಿ ಮಾಡಿದ ಬಿಳಿ ಧೋತರ, ಹೆಗಲ ಮೇಲೆ ಶಲ್ಯ, ಪಕ್ಕದಲ್ಲಿ ದೊಡ್ಡವ್ವ. ಹಿಂದೆ ಇಬ್ಬರು ಹಿರಿಯರು, ನನ್ನ ಚಿಕ್ಕಪ್ಪಂದಿರು. "ಇವರ್ಯಾಕೆ?" ಅಂತ ಕಿವಿಯಲ್ಲಿ ಕೇಳಿದೆ. "ಮನಿ ನೋಡಾಕ ಹೋಗುಮುಂದ ನಾಕು ಮಂದಿ ಹಿರಿಯರು ಇರಬೇಕವಾ" ಅಂದ ದೊಡ್ಡಪ್ಪ, ನಾನೇನೋ ಕೇಳಬಾರದ್ದನ್ನ ಕೇಳಿದೆ ಅನ್ನೋ ಹಾಗೆ.

ಅತ್ತೆ ಒಂದು ಮಾತೂ ಆಡದೆ ಕಿಟಕಿ ಪಕ್ಕ ಕೂತರು. ನಾನು ಅವರ ಮುಖ ನೋಡ್ತಾನೇ ಇದ್ದೆ. ಸೋಮವಾರ ಅಂದ್ರೆ ನಾಳೆ. ಈ ಮುಖದಲ್ಲಿ ಇವತ್ತು ಏನು ಬರುತ್ತೋ ಅದರ ಮೇಲೆ ನನ್ನ ಮೂರು ವರ್ಷ ನಿಂತಿದೆ. ಆದ್ರೆ ಆ ಮುಖದಲ್ಲಿ ಇದ್ದದ್ದು ವಿಭೂತಿ, ಅಷ್ಟೇ.

ಕುರುಗೋಡು ಮುಟ್ಟಿ, ಬಸವೇಶ್ವರನಿಗೆ ಕೈ ಮುಗಿದು, ಪಂಪನಗೌಡ ಮಾವನನ್ನೂ ಹತ್ತಿಸಿಕೊಂಡು ಆ ಮನೆ ಮುಂದೆ ಇಳಿದ್ವಿ. ಬಾಡಿಗೆ ಮನೆ. ಮುಂದೆ ಸಣ್ಣ ಗೇಟು, ಗೇಟಿಗೆ ಹಬ್ಬಿದ ಮಲ್ಲಿಗೆ. ದೀಪಂಕರ್ ಬಾಗಿಲಲ್ಲೇ ನಿಂತಿದ್ದ. ಗಾಡಿಯಿಂದ ಒಬ್ಬೊಬ್ಬರೇ ಇಳೀತಿದ್ದ ಹಾಗೆ ಅವನ ನಗು ಅಗಲವಾಗ್ತಾ ಹೋಯ್ತು, ಕಣ್ಣು ಕೂಡ. ಹಿಂದಿನಿಂದ ಒಂದು ಎಳೇ ದನಿ ಬಂತು.

"ಬರ್ರಿ ಬರ್ರಿ, ಒಳಗ ಬರ್ರಿ! ಬಿಸಿಲು ಭಾಳ ಐತಿ. ಕುಂದರ್ರಿ!"

ಅಚ್ಚ ಕುರುಗೋಡು ಕನ್ನಡ! ಹೆಂಡತಿ ರೂಪಾಲಿ. ಸುಮಾರು ಇಪ್ಪತ್ತೆಂಟರ ಹುಡುಗಿ, ಕೆಂಪು ಅಂಚಿನ ಬಿಳಿ ಬಟ್ಟೆ ಉಟ್ಟು, ಸೊಂಟದ ಮೇಲೆ ಕೂಸು. ಎರಡು ವರ್ಷದಲ್ಲಿ ಕಲಿತಿದ್ದಾಳಂತೆ, ಗೇಟಿನ ಹತ್ತಿರ ನಿಂತು ಪಕ್ಕದ ಮನೆಯವರ ಜೊತೆ ಮಾತಾಡಿ ಆಡಿ. ಗಂಡನಿಗೆ ಮಾತ್ರ ಇನ್ನೂ ಹಿಂದಿಯೇ. ಆದರೆ ದೊಡ್ಡಪ್ಪ ಅದನ್ನೆಲ್ಲ ಎಲ್ಲಿ ಲೆಕ್ಕಕ್ಕೆ ಇಟ್ಟಾನು? ಕನ್ನಡ ಬಾರದವನಿಗೆ ತೆಲುಗು ಬರಲೇಬೇಕು ಅಂತ ಅವನ ಜೊತೆ ಗಟ್ಟಿಯಾಗಿ ತೆಲುಗಿನಲ್ಲಿ ಶುರು ಹಚ್ಚಿಕೊಂಡ. ದೀಪಂಕರ್ ತಲೆ ಆಡಿಸಿದ. ದೊಡ್ಡಪ್ಪ ನಮ್ಮ ಕಡೆ ತಿರುಗಿ, "ತಿಳೀತೈತಿ, ಸಂಕೋಚ ಅಷ್ಟ" ಅಂದ.

ಎಲ್ಲರೂ ಕೂತ್ವಿ. ಕುರ್ಚಿ ಸಾಲದೆ ಚಾಪೆ ಹಾಸಿದರು. ಅಷ್ಟರಲ್ಲಿ ರೂಪಾಲಿ ಒಳಗಿಂದ ಕಾಲಿರೋ ಒಂದು ಚೆಂದದ ಹಿತ್ತಾಳೆ ತಟ್ಟೆ ಹಿಡ್ಕೊಂಡು ಬಂದಳು. ಬಂದವಳೇ ಬಗ್ಗಿ ದೊಡ್ಡಪ್ಪನ ಮುಂದೆ ಹಿಡಿದಳು. ಅದರಲ್ಲಿ ಏನಿತ್ತು ಗೊತ್ತಾ? ವೀಳ್ಯದೆಲೆ, ಅಡಿಕೆ.

ದೊಡ್ಡಪ್ಪ ಕರೆಂಟ್ ಹೊಡೆದವನ ಹಾಗೆ ಹಿಂದಕ್ಕೆ ಸರಿದ. ಚಿಕ್ಕಪ್ಪಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡವ್ವ ನನ್ನ ತೊಡೆ ಚಿವುಟಿ, "ಇನ್ನಾ ಮಾತಾ ಆಗಿಲ್ಲ, ಆಗ್ಲೇ ಎಲಿ ಅಡಿಕಿ ತಂದ್ರಲ್ಲೇ ಇವ್ರು!" ಅಂದಳು.

ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಿಗೆ ಹೇಳ್ತೀನಿ. ಹೆಣ್ಣಿನ ಕಡೆಯವರು ಗಂಡಿನ ಮನೆ ನೋಡೋಕೆ ಹೋದಾಗ, ಮಾತು ಪಕ್ಕಾ ಆಗೋ ತನಕ ಆ ಮನೆಯಲ್ಲಿ ಏನೂ ಬಾಯಿಗೆ ಹಾಕೋ ಹಾಗಿಲ್ಲ. ಹಿರಿಯರಾದ್ರೆ ನೀರು ಕೂಡ ಕುಡಿಯಲ್ಲ. ಸಿಹಿ ತಿಂದ್ರೋ, ಎಲೆ ಅಡಿಕೆ ಹಿಡಿದ್ರೋ, ಮುಗೀತು, ಸಂಬಂಧ ಒಪ್ಪಿದ ಹಾಗೆ. ಆಮೇಲೆ ಹಿಂದಕ್ಕೆ ಸರಿದ್ರೆ ಮಾತಿಗೆ ತಪ್ಪಿದವರು ಅಂತ ಊರೆಲ್ಲ ಆಡಿಕೊಳ್ಳುತ್ತೆ. ಅಸ್ಸಾಮಿನಲ್ಲಿ ಮನೆಗೆ ಬಂದ ಅತಿಥಿ ಯಾರೇ ಇರಲಿ, ಮೊದಲು ಎಲೆ ಅಡಿಕೆ ಕೊಟ್ಟೇ ಮಾತಿಗೆ ಕೂರೋದು ಅಂತ ನಮಗೇನು ಕನಸು ಬಿದ್ದಿತ್ತಾ?

"ಆಮ್ಯಾಗ, ಆಮ್ಯಾಗ" ಅಂತ ದೊಡ್ಡಪ್ಪ ಕೈ ಮುಗಿದ. ರೂಪಾಲಿ ನಗುತ್ತಲೇ ತಟ್ಟೆಯನ್ನ ಟೀಪಾಯಿ ಮೇಲಿಟ್ಟಳು.

ವಿಚಾರಣೆ ಶುರುವಾಯ್ತು. ತೆಲುಗು ಫಲಿಸದೆ ಹೋದದ್ದರಿಂದ ನಡುವೆ ನಾನು ಅನುವಾದಕಿ.

"ನೀರಿನ ಅನುಕೂಲ ಹೆಂಗ?" ಅಂದ ದೊಡ್ಡಪ್ಪ.

ದೀಪಂಕರ್ ನಕ್ಕು, "ನೀರು ಬೇಕಾದಷ್ಟು ಸರ್, ಮಳೆಗಾಲದಲ್ಲಿ ಕೆಲವು ಕಡೆ ಮನೆಯೊಳಗೇ ಬರುತ್ತೆ" ಅಂದ.

ನಲ್ಲಿಯಲ್ಲಿ ನೀರು ಬರೋ ದಿನ ನೋಡಿಕೊಂಡೇ ನೆಂಟರನ್ನ ಕರೆಯೋ ಊರಿನವರು ನಾವು. ದೊಡ್ಡಪ್ಪ ತೊಡೆ ತಟ್ಟಿ, "ನೋಡ್ರಲೇ, ಮನಿಯಾಗ ನೀರಂತ!" ಅಂದ. ನೆರೆ ಅಂದ್ರೆ ಏನು ಅಂತ ಬಿಡಿಸಿ ಹೇಳಿದ ಮೇಲೆ ಸ್ವಲ್ಪ ತಣ್ಣಗಾದ. "ಕ್ವಾರ್ಟರ್ಸು ದಿಬ್ಬದ ಮ್ಯಾಲ ಐತೇನು ಕೇಳು" ಅಂದ. ಇದೆ ಅಂತ ವೀರೇಶ ಹೇಳಿದ.

"ಬಿಸಿಲು?" ಅಂದರು ಪಂಪನಗೌಡ ಮಾವ.

"ಮೂವತ್ತೈದು ಡಿಗ್ರಿ ಆದ್ರೆ ನಮ್ಮ ಜನ ಒದ್ದಾಡಿ ಹೋಗ್ತಾರೆ."

ಚಾಪೆ ಮೇಲೆ ಕೂತಿದ್ದ ನಮ್ಮ ಹಿರಿಯರೆಲ್ಲ ಹೊಟ್ಟೆ ಹಿಡ್ಕೊಂಡು ನಕ್ಕರು. ಅಷ್ಟು ಮರ್ಯಾದೆಯ ಬಿಸಿಲು ಅವರು ಕೇಳಿಯೇ ಇರಲಿಲ್ಲ. ಚಳಿಗಾಲದಲ್ಲಿ ಸಂಜೆ ಐದಕ್ಕೇ ಕತ್ತಲಾಗುತ್ತೆ ಅಂದಾಗ ಮಾತ್ರ ನಗು ನಿಂತಿತು. "ಐದಕ್ಕ ಕತ್ತಲಾದ್ರ ಮಂದಿ ಕಟ್ಟಿ ಮ್ಯಾಲ ಕುಂತು ಮಾತಾಡಾದು ಯಾವಾಗ?" ಅಂತ ಚಿಕ್ಕಪ್ಪ ಗಾಬರಿಯಾದ. ಜೋಳ ಸಿಗಲ್ಲ ಅಂದಾಗ ದೊಡ್ಡವ್ವ ಲೊಚಗುಟ್ಟಿದಳು. ಭತ್ತ ಬೆಳೀತಾರೆ, ಮೂರು ಹೊತ್ತೂ ಅನ್ನ ಅಂದಾಗ ಸಿರುಗುಪ್ಪದ ಭತ್ತದ ಗದ್ದೆಯಲ್ಲೇ ಮುದುಕನಾದ ದೊಡ್ಡಪ್ಪ ಎದ್ದು ದೀಪಂಕರನ ಭುಜ ತಟ್ಟಿ ಬಂದ. ಸಿಂಚನಾ ಅಷ್ಟರಲ್ಲಿ ಕೂಸನ್ನ ಎತ್ತಿಕೊಂಡು ಮಲ್ಲಿಗೆ ಬಳ್ಳಿ ಹತ್ತಿರ ಹೋಗಿದ್ದಳು. ಎಲ್ಲ ಚೆನ್ನಾಗೇ ನಡೀತಿತ್ತು.

ಅತ್ತೆ ಮಾತ್ರ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದರು. ಒಂದು ಪ್ರಶ್ನೆಯೂ ಇಲ್ಲ. ನನಗೋ ಒಳಗೊಳಗೇ ಕುದಿ. ಏನಾದ್ರೂ ಕೇಳ್ರೀ ಅತ್ತೀ, ನಿಮ್ಮ ಮಂಡಿನೋವಿಗೆ ಅಲ್ಲಿ ಡಾಕ್ಟರ್ ಇದಾರಾ ಅಂತಾದ್ರೂ ಕೇಳ್ರೀ!

ಆಗ ಬಂತು ಚಹಾ. ಚಹಾದ ಜೊತೆ ದೊಡ್ಡ ಟ್ರೇ ತುಂಬ ತಿಂಡಿ. ಅಕ್ಕಿಹಿಟ್ಟಿನ ತೆಳ್ಳನೆ ಸುರುಳಿಯೊಳಗೆ ಕಪ್ಪಗೆ ಏನೋ ತುಂಬಿದ್ದು, ಬೆಳ್ಳಗೆ ಕೊಬ್ಬರಿ ಉಂಡೆ. ಬೆಳಗ್ಗೆ ಬೇಗ ಎದ್ದು ಮಾಡಿದ್ದು ಅಂತ ಅವಳ ಕಣ್ಣು ನೋಡಿದ್ರೇ ಗೊತ್ತಾಗ್ತಿತ್ತು. ಮೊದಲು ದೊಡ್ಡಪ್ಪನ ಮುಂದೆ ಹಿಡಿದಳು.

"ಬ್ಯಾಡವಾ, ಈಗ ಉಂಡು ಬಂದೀವಿ."

ಸುಳ್ಳು. ದಾರಿಯಲ್ಲಿ ಅವನೇ ಹೊಟ್ಟೆ ಹಸಿವು ಅಂದಿದ್ದ. ಆದರೆ ಆ ಕೈ ತಾನಾಗೇ ಮೇಲಕ್ಕೆದ್ದು ಬೇಡ ಅಂದಿತು. ಎಷ್ಟು ಮನೆ ನೋಡಿ ಬಂದ ಕೈಯೋ ಅದು! ಪಕ್ಕದಲ್ಲಿ ಚಿಕ್ಕಪ್ಪ. ಬೇಡ. ಇನ್ನೊಬ್ಬ ಚಿಕ್ಕಪ್ಪ. ಬೇಡ. ಪಂಪನಗೌಡ ಮಾವ "ನನಗ ಶುಗರ್" ಅಂದರು. (ಇಲ್ಲ. ಯಾವತ್ತೂ ಇರಲಿಲ್ಲ.) ದೊಡ್ಡವ್ವ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡಳು. ನಾನು ಕೈ ಚಾಚಬೇಕು ಅನ್ನೋಷ್ಟರಲ್ಲಿ ಅವಳೇ ಮತ್ತೆ ಚಿವುಟಿದಳು. ವೀರೇಶ ಹಿರಿಯರ ಮುಖ ನೋಡಿದ, ತಟ್ಟೆ ನೋಡಿದ, ಫ್ಯಾನ್ ನೋಡಿದ.

ರೂಪಾಲಿ ಟ್ರೇ ಹಿಡ್ಕೊಂಡು ಅಲ್ಲೇ ನಿಂತಳು. ನಗು ಹಾಗೇ ಇತ್ತು, ಆದರೆ ಕಣ್ಣು ಗಂಡನ ಕಡೆ ಹೋಯ್ತು, ಮತ್ತೆ ನೆಲಕ್ಕೆ ಬಂತು. ಆಮೇಲೆ ಅವಳು ಮೆಲ್ಲಗೆ ಅಂದದ್ದು ಕೇಳಿ ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸ್ತು.

"ಇದ್ರಾಗ ಏನೂ ಇಲ್ರಿ. ಅಕ್ಕಿ, ಎಳ್ಳು, ಬೆಲ್ಲ ಅಷ್ಟ. ಮೀನಿನ ಪಾತ್ರಿ ಬ್ಯಾರೆ ಐತ್ರಿ. ನೀವು ಬರ್ತೀರಂತ ನಿನ್ನಿಯಿಂದ ಮನಿಯಾಗ ಮೀನು ತಂದಿಲ್ರಿ. ಒಲಿನೂ ತೊಳದೀನಿ."

ಮಾಡಿದ್ದು ಒಂದು, ಆ ಹುಡುಗಿಗೆ ಹೋಗಿ ಮುಟ್ಟಿದ್ದೇ ಇನ್ನೊಂದು. ನಾವು ಸಂಬಂಧ ಕುದುರೋ ಮುಂಚೆ ತಿನ್ನಬಾರದು ಅಂತ ಕೂತಿದ್ವಿ. ಅವಳು ತನ್ನ ಮನೆಯ ತಿಂಡಿ ಮುಟ್ಟಿದ್ರೆ ಇವರಿಗೆ ಮೈಲಿಗೆ ಅಂತ ತಿಳಿದಳು. ಹೇಗೆ ತಿಳಿಸಿ ಹೇಳೋದು? ನಾವು ನಿಮ್ಮ ಇಡೀ ರಾಜ್ಯಾನ ಗಂಡಿನ ಮನೆ ಅಂತ ಭಾವಿಸಿ ಬಂದಿದ್ದೀವಮ್ಮಾ ಅಂತಲೇ? ನನಗೆ ದೊಡ್ಡಪ್ಪನ ಮೇಲೆ ಸಿಟ್ಟು, ನನ್ನ ಮೇಲೆ ಅದಕ್ಕಿಂತ ಹೆಚ್ಚು.

ದೀಪಂಕರ್ ಮಾತು ಬದಲಿಸೋಕೆ ಹೋದ. ಅವಳು ಬಿಡಲಿಲ್ಲ. ದೂರೋ ಹಾಗೇನೂ ಅಲ್ಲ, ಸಮಾಧಾನ ಹೇಳೋ ಹಾಗೇ ಅಂದಳು. "ಇರಲಿ ಬಿಡ್ರಿ. ಇಲ್ಲಿ ಎಲ್ಲಾರೂ ಭಾಳ ಚಲೋ ಅದಾರ. ರೊಟ್ಟಿ ಕೊಡ್ತಾರ, ಹಬ್ಬಕ್ಕ ಹೋಳಿಗಿ ಕಳಸ್ತಾರ. ನಾ ಏನರ ಕೊಟ್ರ ಗೇಟಿನ್ಯಾಗ ನಿಂತು, ಬ್ಯಾಡವಾ ನೀವ ತಿನ್ರಿ ಅಂತಾರ. ಅದಕ್ಕ ಇವತ್ತು ಜಾಸ್ತಿ ಮಾಡಿದ್ದೆ."

ಅಷ್ಟೊತ್ತೂ ಗೋಡೆಗೆ ಒರಗಿದ್ದ ಅತ್ತೆ ಎದ್ದರು. ಮಂಡಿ ಮೇಲೆ ಕೈಯೂರಿ ಎದ್ದು, ಸೀದಾ ಹೋಗಿ ಆ ಟ್ರೇಗೇ ಕೈ ಹಾಕಿದರು.

"ತಾ ಇಲ್ಲಿ."

ಟ್ರೇ ಇಸಿದುಕೊಂಡು ಚಾಪೆ ನಡುವೆ ಕೂತರು. ಒಂದು ಸುರುಳಿ ತಗೊಂಡು ಕಚ್ಚಿದರು. ಇಡೀ ಮನೆಗೆ ಕರುಮ್ ಅಂತ ಕೇಳಿಸಿತು.

"ಅಕ್ಕಾ!" ಅಂದರು ಪಂಪನಗೌಡ ಮಾವ.

"ಬೀಗತೀ, ತಡೀರಿ, ಇನ್ನಾ ಮಾತಾಡಿಲ್ಲ ನಾವು!" ಅಂದ ದೊಡ್ಡಪ್ಪ.

"ನೀವು ಮಾತಾಡ್ರಿ. ನಾ ತಿಂತೀನಿ" ಅಂದರು ಅತ್ತೆ. ಎರಡನೇದು ಕೈಗೆ ತಗೊಂಡು ರೂಪಾಲಿಯನ್ನ ಪಕ್ಕಕ್ಕೆ ಕೂರಿಸಿಕೊಂಡರು. "ಹಸನಾಗ್ಯಾವಲ್ಲೇ! ಎಳ್ಳು ಹುರಿದು ಹಾಕ್ತೀಯೇನು? ನಾವು ಎಳ್ಳು ಹೋಳಿಗಿಗೂ ಹಿಂಗಾ ಹುರಿತೀವಿ. ಯಾರು ಕಲಿಸಿದ್ರು?"

"ನಮ್ಮ ಅವ್ವ ರಿ" ಅಂದಳು. ಅಂದವಳೇ ಅತ್ತುಬಿಟ್ಟಳು. ಅಳುತ್ತಲೇ ನಕ್ಕಳು. ನಾನೂ ಸೆರಗಿಂದ ಕಣ್ಣೊರೆಸಿಕೊಂಡೆ, ಸುಳ್ಳು ಯಾಕೆ ಹೇಳಲಿ.

ಅತ್ತೆ ಅಷ್ಟಕ್ಕೇ ನಿಲ್ಲಿಸಲಿಲ್ಲ. ಟೀಪಾಯಿ ಮೇಲಿದ್ದ ಹಿತ್ತಾಳೆ ತಟ್ಟೆ ಎಳಕೊಂಡು, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಎಲ್ಲರೂ ನೋಡ್ತಿದ್ದ ಹಾಗೇ ಬಾಯಿಗೆ ಹಾಕಿಕೊಂಡರು. ಅಸ್ಸಾಮಿನ ಹಸಿ ಅಡಿಕೆ ಅಂದ್ರೆ ನಮ್ಮ ಅಂಗಡಿಯ ಅಡಿಕೆ ಚೂರಲ್ಲ ಸ್ವಾಮಿ. ಊರಿಂದ ಯಾರೋ ಬಂದವರು ತಂದುಕೊಟ್ಟದ್ದಂತೆ. ಎರಡು ಸಲ ಜಗಿಯೋಷ್ಟರಲ್ಲಿ ಅತ್ತೆಯ ಮುಖ ಕೆಂಪೇರಿ, ಹಣೆ ಮೇಲೆ ಬೆವರು ಒಡೆಯಿತು. "ಯವ್ವಾ, ತಲಿ ಗಿರ್ ಅಂತೈತಿ!" ಅಂತ ಗೋಡೆ ಹಿಡಿದರು. ರೂಪಾಲಿ ಓಡಿ ನೀರು ತಂದಳು, ನಾನು ಸೆರಗಿಂದ ಗಾಳಿ ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಕಣ್ಣು ತೆರೆದು, "ಚಲೋ ಐತಿ. ನಾಕು ದಿನ ರೂಢಿ ಆಗಬೇಕು" ಅಂದರು. ಎಷ್ಟೋ ದಿನದ ಮೇಲೆ ಅವರು ಅಷ್ಟು ದೊಡ್ಡದಾಗಿ ನಕ್ಕದ್ದು.

ಆಮೇಲೆ ಕೇಳ್ತೀರಾ? ಕಟ್ಟೆ ಒಡೆದ ಹಾಗೆ ಎಲ್ಲರ ಕೈಯೂ ಟ್ರೇಗೆ ಹೋಯ್ತು. ಪಂಪನಗೌಡ ಮಾವನ ಶುಗರ್ ತಟ್ಟನೆ ವಾಸಿಯಾಯ್ತು. ದೊಡ್ಡಪ್ಪ ಕೊಬ್ಬರಿ ಉಂಡೆ ತಿನ್ನುತ್ತಾ, ನಮ್ಮ ಶಾಸ್ತ್ರ ಏನು, ಯಾಕೆ ತಿನ್ನಲಿಲ್ಲ ಅಂತ ಎಲ್ಲ ತಾನೇ ರೂಪಾಲಿಗೆ ಬಿಡಿಸಿ ಹೇಳಿದ. "ತಪ್ಪು ತಿಳೀಬ್ಯಾಡವಾ ಮಗಳಾ, ನಮ್ಮ ಹಣೇಬರಾನ ಹಿಂಗ" ಅಂತ ಕೈ ಹಿಡಿದ. ಅವಳು ಅದನ್ನ ಗಂಡನಿಗೆ ಅವರ ಭಾಷೆಯಲ್ಲಿ ಹೇಳಿದಳು. ಅವನು ಬಿದ್ದು ಬಿದ್ದು ನಕ್ಕ. ಹೊರಡೋ ಹೊತ್ತಿಗೆ ಟ್ರೇ ಖಾಲಿ. ಹೊರಗೆ ಬಂದು ನೋಡಿದ್ರೆ ಪಕ್ಕದ ಮನೆಯಾಕೆ ಗೇಟಿನ ಹತ್ತಿರ ನಿಂತಿದ್ದಳು. ನಮ್ಮತ್ತೆ ಆಕೆಯ ಹತ್ತಿರ ಹೋಗಿ, "ನಿಮ್ಮ ಬಾಜು ಮನಿ ಹುಡುಗಿ ಎಳ್ಳಿನ ತಿನಿಸು ಭಾಳ ಚಂದ ಮಾಡ್ತಾಳ. ಇಷ್ಟು ದಿನ ಏನು ಮಾಡಿದ್ರಿ?" ಅಂತ ಕೇಳಿ ಗಾಡಿ ಹತ್ತಿದರು.

ಗಾಡಿಯಲ್ಲಿ ಪಂಚಾಯ್ತಿ ಶುರು.

"ಬಾಯಿ ಸಿಹಿ ಆತು, ಎಲಿ ಅಡಿಕಿನೂ ಆತು. ಇನ್ನ ಹಿಂದಕ್ಕ ಸರಿಯಂಗಿಲ್ಲ. ಸಂಸಾರ ಕೊಟ್ಟಂಗ" ಅಂತ ದೊಡ್ಡಪ್ಪ ತೀರ್ಪು ಕೊಟ್ಟ.

"ಅದೆಂಗ? ಆಕಿ ಅಳ್ತಾಳಂತ ಅಕ್ಕ ತಿಂದಾಳ. ಅದು ಒಪ್ಪಿಗಿ ಅಲ್ಲ" ಅಂದರು ಪಂಪನಗೌಡ ಮಾವ.

ಚಿಕ್ಕಪ್ಪಂದಿರು ಒಬ್ಬ ಆ ಕಡೆ, ಒಬ್ಬ ಈ ಕಡೆ. ಬರೀ ಮರ್ಯಾದೆಗೆ ತಿಂದಿದ್ರೆ? ಸೋಮವಾರ ಬ್ಯಾಚುಲರ್ ರೂಮ್ ಅಂತ ಬರೆದುಕೊಟ್ಟು, ನಾನು ಮತ್ತೆ ಮೊಬೈಲ್‌ನ ಚಾರ್ಜಿಗೆ ಹಾಕ್ತಾ ಕೂರಬೇಕಾ? ಕಡೆಗೆ ವೀರೇಶನೇ ಬಾಯಿಬಿಟ್ಟ. "ಅವ್ವಾ, ಖರೇ ಹೇಳು. ಆಕಿ ಬೇಜಾರಾಗ್ತಾಳಂತ ತಿಂದ್ಯೋ, ಬರ್ತೀನಂತ ತಿಂದ್ಯೋ?"

ಅತ್ತೆ ಕಿಟಕಿಯಿಂದ ಮುಖ ತಿರುಗಿಸಿದರು. ಇಷ್ಟು ದಿನ ಆಡದ ಮಾತನ್ನೆಲ್ಲ ಒಟ್ಟಿಗೆ ಆಡಿದರು.

"ಆ ಹುಡುಗಿ ತಾಟು ಹಿಡ್ಕೊಂಡು ನಿಂತಿದ್ದು ನೋಡಿದೇನಲೇ? ಮನಿ ತುಂಬ ಮಂದಿ, ಒಬ್ರೂ ಮುಟ್ಟವಲ್ರು. ನಾಳಿ ನಿನ್ನ ಹೇಣ್ತಿ ಆ ಊರಾಗ ಶೇಂಗಾ ಹೋಳಿಗಿ ಮಾಡಿ ಹಂಗ ನಿಂತ್ರ? ಆ ಮಂದಿಗೆ ನಮ್ಮ ತಿನಿಸು ಹಿಡೀಲಿಲ್ಲ ಅಂದ್ರ? ಆಕಿ ಬಾಜು ಕುಂತು ತಿನ್ನಾಕ ಒಬ್ರು ಬ್ಯಾಡೇನು? ನೀ ಬಾಯ್ಲರ್ ಕಟ್ಕೊಂಡು ಹೊರಗ ಇರ್ತಿ. ನಾ ಬರ್ತೀನಿ. ಬರಂಗಿಲ್ಲ ಅಂತ ನಾ ಯಾವಾಗ ಅಂದಿದ್ದೆ? ನೋಡೋಣಂತ ಅಂದಿದ್ದೆ. ಇವತ್ತು ನೋಡಿದೆ."

ಗಾಡಿಯಲ್ಲಿ ಅಷ್ಟೊಂದು ಹಿರಿಯರಿದ್ದಾರೆ ಅಂತಾನೂ ಮರೆತು ನಾನು ಅತ್ತೆಯ ಕೈ ಹಿಡಿದು ಗಳಗಳ ಅತ್ತುಬಿಟ್ಟೆ. ಅವರು ನನ್ನ ಮುಖದ ಬದಲು ನನ್ನ ಕೈ ನೋಡಿ, "ಬಳಿ ಒಡದೀತು, ಸಾವಕಾಶ" ಅಂದರು. ವೀರೇಶ ಮೊಬೈಲ್ ತೆಗೆದು, ಸೋಮವಾರಕ್ಕೂ ಕಾಯದೆ, ಆಫೀಸಿನವರಿಗೆ "ಫ್ಯಾಮಿಲಿ" ಅಂತ ಮೆಸೇಜ್ ಹಾಕಿದ. ದೊಡ್ಡಪ್ಪ ಡ್ರೈವರ್‌ಗೆ ಗಾಡಿ ನಿಲ್ಲಿಸು ಅಂದ. ದಾರಿಬದಿ ಅಂಗಡಿಯಲ್ಲಿ ಎಲ್ಲರಿಗೂ ಮಿರ್ಚಿ, ಚಹಾ ಕೊಡಿಸಿದ. ಅಂಥ ಖುಷಿಯ ಮಿರ್ಚಿ ನಾನು ಈಚೆಗೆ ತಿಂದಿರಲಿಲ್ಲ.

ಈಗ ನಮ್ಮ ಮನೆ ಸಂತೆ ಆಗಿದೆ. ಏನು ಒಯ್ಯೋದು, ಏನು ಬಿಡೋದು ಅಂತ ದಿನಾ ಜಗಳ. ಸಿಂಚನಾ ಮಳೆಗೆ ಕೆಂಪು ರೇನ್‌ಕೋಟ್ ಬೇಕು ಅಂತ ಕೂತಿದ್ದಾಳೆ. (ಬಳ್ಳಾರಿಯಲ್ಲಿ ಹುಟ್ಟಿದ ಹುಡುಗಿಗೆ ಅದು ವಿಮಾನ ಹತ್ತಿದಷ್ಟೇ ದೊಡ್ಡ ಸುದ್ದಿ.) ಅತ್ತೆ ಜೋಳದ ಹಿ‍ಟ್ಟು ಬೇಡ, ಜೋಳವನ್ನೇ ಒಯ್ಯೋಣ, ಹಿಟ್ಟು ಮುಗ್ಗುತ್ತೆ ಅಂತಿದ್ದಾರೆ. ಅಲ್ಲಿ ಬೀಸೋರು ಯಾರು ಅಂದ್ರೆ, "ನೋಡೋಣಂತ".

ಮೊನ್ನೆ ರೂಪಾಲಿ ಫೋನ್ ಮಾಡಿದ್ದಳು. ಅವಳ ತವರು ನಾವು ಹೋಗೋ ಊರಿಗೆ ಅಷ್ಟೇನೂ ದೂರ ಇಲ್ಲವಂತೆ. ಅವರಮ್ಮ ನಮ್ಮನ್ನ ನೋಡೋಕೆ ಬಂದೇ ಬರ್ತಾರಂತೆ. "ನಮ್ಮ ಅವ್ವ ಬಂದ್ರ ಏನು ಕೊಟ್ರೂ ತಿಂತಾಳ್ರಿ, ನಾ ಹೇಳೀನಿ" ಅಂದಳು. ಜೊತೆಗೆ ಇನ್ನೊಂದು ಸುದ್ದಿ. ಪಕ್ಕದ ಮನೆಯಾಕೆ ಗೇಟು ದಾಟಿ ಒಳಗೆ ಬಂದಿದ್ದಳಂತೆ. ಎಳ್ಳಿನ ತಿನಿಸು ಕೇಳಿ, ತಿಂದು, ಡಬ್ಬಿ ತುಂಬ ಒಯ್ದಳಂತೆ.

ಅತ್ತೆಗೆ ಹೇಳಿದೆ. ಡಬ್ಬಿಗಳನ್ನ ಒರೆಸ್ತಾ ಇದ್ದವರು ಕೈ ನಿಲ್ಲಿಸಿ, "ಅವರವ್ವ ಬರೋ ದಿನ ಶೇಂಗಾ ಹೋಳಿಗಿನ ಮಾಡೋಣು. ಕೊಬ್ಬರಿ ಉಂಡಿ ತಿನ್ನೋರಿಗೆ ಕಾಯಿ ಹೋಳಿಗಿ ಹೊಸದಲ್ಲ" ಅಂದರು. ನಮ್ಮ ಟಿಕೆಟ್ ಇನ್ನೂ ಬುಕ್ ಆಗಿಲ್ಲ.

ಅದಿರಲಿ, ನಿಮ್ಮ ಓಣಿಯಲ್ಲೂ ದೂರದ ರಾಜ್ಯದಿಂದ ಬಂದ ಒಂದು ಮನೆ ಇದ್ದೇ ಇರುತ್ತೆ. ಹಬ್ಬಕ್ಕೆ ಅವರಿಗೆ ಹೋಳಿಗೆ ಕಳಿಸಿದ್ದು ಸರಿ, ಅವರ ಮನೆಯಲ್ಲಿ ಕೂತು ಏನಾದರೂ ತಿಂದಿದ್ದೀರಾ?